ಮುರಿಯಬಾರದ ಸಾಲು

ರಾಯಚೂರಿನ ಗಂಜ್ ಮಾರುಕಟ್ಟೆಯ ಹತ್ತಿರ, ಗೊಬ್ಬರದ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ನಾನು ಕೆಲಸ ಮಾಡುತ್ತೇನೆ. ಊರಿನ ಕೆಲವು ಅಕ್ಕಿ ಗಿರಣಿಗಳು, ಮಾನ್ವಿಯ ಒಂದು ರಕ್ತಪರೀಕ್ಷೆಯ ಲ್ಯಾಬು, ದೇವದುರ್ಗದ ಕಡೆಯ ಒಂದು ಮಠ, ಇವರೆಲ್ಲರ ಈಮೇಲ್ ನಮ್ಮ ಸರ್ವರಿನ ಮೂಲಕ ಹೋಗಿ ಬರುತ್ತದೆ. ಲಾಟರಿ ಹತ್ತಿದೆ, ಬ್ಯಾಂಕಿನ ಖಾತೆ ಬಂದ್ ಆಗುತ್ತದೆ ಎಂದು ಬರುವ ಕಸವನ್ನು ಸೋಸಿ ಬಿಸಾಡಲು ಅದರಲ್ಲೊಂದು ಸ್ಪ್ಯಾಮ್ ಫಿಲ್ಟರ್ ಇದೆ. ಅದು ಕೆಟ್ಟರೆ ಬೈಸಿಕೊಳ್ಳುವುದು ನಾನು. ಕೆಡದೆ ನಡೆದರೆ ನಾನೊಬ್ಬಳು ಇದ್ದೇನೆ ಎಂಬುದೂ ಯಾರಿಗೂ ನೆನಪಿರುವುದಿಲ್ಲ.

ಶ್ರಾವಣದ ಒಂದು ಬೆಳಿಗ್ಗೆ ಎಲ್ಲರ ಈಮೇಲೂ ನಿಂತುಹೋಯಿತು. ಮಾನ್ವಿಯ ಲ್ಯಾಬಿನವರು ಫೋನ್ ಮಾಡಿ, "ಡಾಕ್ಟ್ರು ರಿಪೋರ್ಟ್ ಎಲ್ಲಿ ಅಂತ ಕೇಳಾಕತ್ತಾರ್ರೀ. ನಾವು ಕಳಿಸಿ ಕುಂತೀವಿ, ನಿಮ್ಮದೇನ್ ಸುದ್ದಿ?" ಎಂದರು. ನಮ್ಮ ಮಾಲೀಕರು ನನ್ನ ಮೇಜಿನ ಪಕ್ಕ ನಿಂತು ಕೈಗಡಿಯಾರ ನೋಡತೊಡಗಿದರು. ಹಾಗೆ ನಿಂತು ನೋಡಿದರೆ ಕಂಪ್ಯೂಟರ್ ಬೇಗ ಓಡುತ್ತದೆಂದು ಇವರಿಗೆ ಯಾರು ಹೇಳಿದರೋ ಗೊತ್ತಿಲ್ಲ.

ಹುಡುಕಿದಾಗ ಸಿಕ್ಕಿದ್ದು ಒಂದೇ ಒಂದು ಮೇಲ್. ಮಠಕ್ಕೆ ಬಂದದ್ದು. ಅದನ್ನು ಓದಲು ಹೋದ ಫಿಲ್ಟರ್ ಅಲ್ಲೇ ಸಿಕ್ಕಿಕೊಂಡು, ಹಿಂದಿನದನ್ನೆಲ್ಲ ತಡೆದು ನಿಲ್ಲಿಸಿತ್ತು. ಒಳಗೆ ಇದ್ದದ್ದು ಇಷ್ಟೆ: ಓಂನಮಃಶಿವಾಯಓಂನಮಃಶಿವಾಯಓಂನಮಃಶಿವಾಯ. ನಡುವೆ ಎಲ್ಲೂ ಜಾಗ ಬಿಟ್ಟಿಲ್ಲ, ಚುಕ್ಕಿ ಇಟ್ಟಿಲ್ಲ, ಸಾಲು ಬದಲಾಗಿಲ್ಲ. ಪರದೆಯನ್ನು ಸರಿಸುತ್ತ ಹೋದೆ, ನಾಮ ಮುಗಿಯಲೇ ಇಲ್ಲ.

ಒಂದೇ ಮಾತನ್ನು ಮತ್ತೆ ಮತ್ತೆ ಒದರುವ ಜಾಹೀರಾತುಗಳನ್ನು ಹಿಡಿಯಲು ಆ ಫಿಲ್ಟರಿನಲ್ಲಿ ಒಂದು ನಿಯಮವಿದೆ. ಅದು ಸಾಲನ್ನು ತುಂಡು ಮಾಡಿ ನೋಡುತ್ತದೆ. ಪದಗಳ ನಡುವೆ ಜಾಗವಿದ್ದರೆ ತುಂಡು ಮಾಡುವುದು ಸುಲಭ. ಇಲ್ಲದಿದ್ದರೆ ಇಲ್ಲಿ ಕತ್ತರಿಸಲೋ ಅಲ್ಲಿ ಕತ್ತರಿಸಲೋ ಎಂದು ಸಾಧ್ಯವಿರುವ ಬಗೆಗಳನ್ನೆಲ್ಲ ಒಂದೊಂದಾಗಿ ನೋಡುತ್ತದೆ. ಒಂದು ಅಕ್ಷರ ಹೆಚ್ಚಾದರೆ ಬಗೆಗಳು ದುಪ್ಪಟ್ಟು. ಹೂವಿನ ದಂಡೆಯನ್ನು ಎಲ್ಲಿ ಕತ್ತರಿಸಲಿ ಎಂದು ಬಾಗಿಲಿಗೆ ಅಡ್ಡ ನಿಂತ ಹೂವಾಡಗಿತ್ತಿಯ ಹಾಗೆ ಅದು ನಿಂತುಬಿಟ್ಟಿತ್ತು. ಗೊತ್ತಿದ್ದವರು ಬೇಕೆಂದೇ ಇಂಥ ಸಾಲು ಕಳಿಸಿ ಒಂದು ಊರಿನ ಈಮೇಲನ್ನೇ ಕೆಡವಬಹುದು. ತಂತ್ರಾಂಶ ಬರೆದವರಿಗೆ ದೋಷದ ವರದಿ ಕಳಿಸುವಾಗ ಅಂಥವನನ್ನು 'ದಾಳಿಕೋರ' ಎಂದು ಕರೆಯುವುದು ರೂಢಿ. ನಾನೂ ಹಾಗೆಯೇ ಬರೆದು ಕಳಿಸಿದೆ.

ಉತ್ತರಕ್ಕೆ ಕಾಯುವಂತಿರಲಿಲ್ಲ, ರೋಗಿಗಳ ರಿಪೋರ್ಟುಗಳು ನಿಂತಿದ್ದವು. ಇಷ್ಟು ಉದ್ದದ ಮುರಿಯದ ಸಾಲು ಬಂದರೆ ಬಾಗಿಲಿನಿಂದಲೇ ವಾಪಸ್ ಕಳಿಸು ಎಂದು ಒಂದು ತಡೆ ಹಾಕಿ, ಅದನ್ನೂ ಅವರಿಗೆ ತಿಳಿಸಿದೆ. ಉಳಿದ ಮೇಲ್‌ಗಳು ಹೊರಟವು. ಮಾಲೀಕರು ಗಡಿಯಾರ ಬಿಟ್ಟು ಚಹಾ ಕುಡಿಯಲು ಹೋದರು.

ಮರುದಿನ ಮಧ್ಯಾಹ್ನ ದಾಳಿಕೋರರು ಬಂದರು. ಬಿಳಿ ಧೋತರ, ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಗಾಜು ಒಡೆದ ಫೋನು. ದೇವದುರ್ಗದ ಸಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದ ಮಾಸ್ತರು. ವಾಪಸ್ ಬಂದ ಈಮೇಲಿನ ಕೊನೆಯಲ್ಲಿದ್ದ ನಮ್ಮ ವಿಳಾಸ ಹಿಡಿದು ಕೇಳುತ್ತ ಬಂದಿದ್ದರು.

"ನನ್ನ ನಾಮ ತಿರುಗಿ ಬಂತವ್ವಾ," ಎಂದರು. "ಇಂಗ್ಲಿಷಿನಾಗ ಏನೋ ಬರದಾರ. ಸ್ವಾಮಿಗೋಳು ಬ್ಯಾಡ ಅಂದ್ರೇನು?"

"ಸ್ವಾಮಿಗೋಳಲ್ರೀ, ನಾನು," ಎಂದೆ.

ಕುಳಿತು ಹೇಳಿದರು. ಅವರ ಹೆಂಡತಿ ಇಲ್ಲೇ ರಾಯಚೂರಿನ ಆಸ್ಪತ್ರೆಯಲ್ಲಿದ್ದರು, ಉಸಿರಿಗೆ ಯಂತ್ರ ಹಚ್ಚಿದ್ದರು. ಆಕೆ ಮನೆಗೆ ಬರುವವರೆಗೆ ದಿನಾ ಒಂದು ಅಖಂಡ ಜಪ ಬರೆದು ಮಠಕ್ಕೆ ಒಪ್ಪಿಸುತ್ತೇನೆಂದು ಇವರು ಹರಕೆ ಹೊತ್ತಿದ್ದರು; ತಿರುಗಿ ಬಂದದ್ದು ಮೊದಲ ದಿನದ್ದು. ಮಠದಲ್ಲಿ ಅದನ್ನು ಪ್ರಿಂಟ್ ತೆಗೆದು ಗದ್ದುಗೆಯ ಮುಂದೆ ಇಡುತ್ತಾರೆ. ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಅಷ್ಟನ್ನೂ ಒಂದೇ ಬೆರಳಿನಿಂದ ಒತ್ತಿದ್ದರು.

"ಒಮ್ಮಿ ಬರದು ಕಾಪಿ ಮಾಡಬಹುದಿತ್ತಲ್ರೀ?"

"ಕಾಪಿ ಹೊಡದ್ರ ಜಪ ಆಗ್ತದೇನು? ಸಾಲ್ಯಾಗ ಹುಡುಗರಿಗೇ ಬಿಟ್ಟಿಲ್ಲ ನಾನು."

"ಹಂಗಾರ ವಾಟ್ಸಾಪಿನಾಗ ಕಳಸ್ರಿ."

"ಅದು ನಡುವ 'ಇನ್ನಷ್ಟು ಓದಿ' ಅಂತ ಮುರೀತದ."

ನಗು ಬಂತು, ಅವರ ಮುಖ ನೋಡಿ ನುಂಗಿಕೊಂಡೆ. ಪ್ರಿಂಟ್ ನಾನೇ ತೆಗೆದು ಬಸ್ಸಿಗೆ ಕೊಡಲೇ ಎಂದು ಕೇಳಿದೆ. ಮೇಲ್ ಮಾಡುತ್ತೇನೆಂದು ಸ್ವಾಮಿಗಳ ಮುಂದೆ ಮಾತು ಕೊಟ್ಟಾಗಿದೆ, ಮಾತು ಮುರಿಯಬಾರದು ಎಂದರು. ಮುರಿಯಬಾರದಂಥವು ಅವರ ಬಳಿ ಬಹಳ ಇದ್ದವು. ಕೊನೆಗೆ, ನಾಮದ ನಡುವೆ ಒಂದೊಂದು ಜಾಗ ಬಿಟ್ಟರೆ ಸಾಕು, ಯಾವ ತೊಂದರೆಯೂ ಇಲ್ಲ ಎಂದು ಬಿಡಿಸಿ ಹೇಳಿದೆ.

"ಜಾಗ ಬಿಟ್ರ ಅಖಂಡ ಹೆಂಗಾಗ್ತದವ್ವಾ? ಅಲ್ಲಿ ಆಕಿ ಉಸರು ಎಳ್ಯಾಕತ್ತಾಳ. ನಾ ಇಲ್ಲಿ ನಡುವ ಕಡದ್ರ..." ಎಂದು ಅಷ್ಟಕ್ಕೇ ನಿಲ್ಲಿಸಿದರು.

ನನಗೆ ಇಂಥದರಲ್ಲಿ ನಂಬಿಕೆ ಇಲ್ಲ. ಸಿಟ್ಟೇ ಬಂತು, ಅವರ ಮೇಲೋ, ಆ ಫಿಲ್ಟರಿನ ಮೇಲೋ, ಆಕೆಯ ಯಂತ್ರದ ಮೇಲೋ ತಿಳಿಯಲಿಲ್ಲ. ಆದರೂ, "ನಾ ಸರಿ ಮಾಡ್ತೀನ್ರಿ ಮಾಸ್ತರ್ರ, ಅಲ್ಲೀಮಟ ಬರದು ಇಟಗೊಳ್ರಿ" ಎಂದುಬಿಟ್ಟೆ. ಅವರು ಎದ್ದು ಕೈ ಮುಗಿದರು. "ಜಲ್ದಿ ಮಾಡವ್ವಾ. ಡಾಕ್ಟ್ರು ಭಾಳ ದಿನದ ಮಾತು ಆಡವಲ್ಲರು."

"ಜಪ ಮನ್ಯಾಗ ಮಾಡ್ಕೋ ಅಂತ ಹೇಳಿ ಕಳಸೋದು ಬಿಟ್ಟು, ಇದೇನ್ ಹಚ್ಕೊಂಡು ಕುಂತೀದಿ?" ಎಂದು ಮಾಲೀಕರು ಅಂದದ್ದನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಅವರೊಬ್ಬರನ್ನು ಸೋಸದೆ ಬಿಡು ಎಂದು ಫಿಲ್ಟರಿಗೆ ಹೇಳುವಂತಿರಲಿಲ್ಲ. ಕಳಿಸಿದವರು ಯಾರು ಎಂದು ನೋಡುವ ಮೊದಲೇ ಅದು ಕತ್ತರಿಸಲು ಶುರು ಮಾಡುತ್ತಿತ್ತು. ಸಾಲಿನ ಮೊದಲ ತುಂಡನ್ನಷ್ಟೇ ಓದು ಎಂದರೆ, ಅದರ ಬೆನ್ನ ಹಿಂದೆ ಅಡಗಿಕೊಂಡು ಲಾಟರಿಯವರು ಒಳಗೆ ಬಂದರು. ನಿಯಮವನ್ನು ಬೇರೆ ರೀತಿ ಬರೆದೆ, ನಾಮ ದಾಟಿತು, ಗಿರಣಿಯವರ ಬಿಲ್ಲು ಸಿಕ್ಕಿಬಿತ್ತು. ಇತ್ತ ತಂತ್ರಾಂಶ ಬರೆದವರ ಉತ್ತರ ಬಂತು. ನೀವು ತಡೆ ಹಾಕಿದ್ದು ಸರಿ, ಹಾಗೇ ಇರಲಿ; ನಿಜವಾದ ಮನುಷ್ಯರು ಯಾರೂ ಹೀಗೆ ಬರೆಯುವುದಿಲ್ಲ ಎಂದಿದ್ದರು. ಓದಿ ಮೈ ಉರಿದುಹೋಯಿತು. ನಿಜವಾದ ಮನುಷ್ಯರು ಎರಡು ರಸ್ತೆ ಆಚೆ ಬೆಂಚಿನ ಮೇಲೆ ಕುಳಿತಿದ್ದರು.

ಮಧ್ಯಾಹ್ನ ಊಟಕ್ಕೆ ಹೋಗುವಾಗ ಆಸ್ಪತ್ರೆಯ ಮುಂದೆ ಹಾಯುತ್ತಿದ್ದೆ. ಅವರು ತಲೆ ಎತ್ತದೆ ಒತ್ತುತ್ತಿರುತ್ತಿದ್ದರು. ನೆರಳು ಬಿದ್ದಾಗ, "ಆತೇನವ್ವಾ?" ಎನ್ನುತ್ತಿದ್ದರು. "ಇನ್ನಾ ಇಲ್ರೀ." ಮತ್ತೆ ಬೆರಳು ಅಲ್ಲಿಗೇ ಹೋಗುತ್ತಿತ್ತು. ಕೆಲವು ದಿನ ಬೇರೆ ರಸ್ತೆಯಿಂದ ಹೋದೆ.

ಕೊನೆಗೆ ಉಪಾಯ ಹೊಳೆದದ್ದು ಬಹಳ ಸಣ್ಣದು. ಒಮ್ಮೆ ದಾಟಿದ ಅಕ್ಷರದ ಕಡೆ ಮತ್ತೆ ತಿರುಗಿ ನೋಡಬೇಡ ಎಂದು ನಿಯಮಕ್ಕೆ ಹೇಳಬೇಕಿತ್ತು, ಅಷ್ಟೆ. ಬರೆದು, ಅವರ ಹಳೆಯ ಈಮೇಲನ್ನೇ ಹಾಕಿ ನೋಡಿದೆ. ಕಣ್ಣು ಮಿಟುಕಿಸುವುದರೊಳಗೆ ಹೋಯಿತು. ಬಿಲ್ಲುಗಳೂ ಹೋದವು, ಲಾಟರಿ ಹೊರಗೇ ಉಳಿಯಿತು. ತಡೆ ತೆಗೆದು ಮಾಸ್ತರಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಇನ್ನೊಮ್ಮೆ ಮಾಡಿದೆ, ಎತ್ತಲಿಲ್ಲ.

ಸಂಜೆಯ ಹೊತ್ತಿಗೆ ಅವರದೇ ಒಂದು ಮೇಲ್ ಬಂತು. ಮಠಕ್ಕೆ ಕಳಿಸಿದ್ದರು, ನನಗೂ ಒಂದು ಪ್ರತಿ. ಓಂ ಎಂದು ಒಂದು ಸಾಲು. ಅದರ ಕೆಳಗೆ ನಮಃ. ಅದರ ಕೆಳಗೆ ಶಿವಾಯ. ಒಂದೇ ಸಲ. ಆಮೇಲೆ ನನಗಾಗಿ ಎರಡು ಮಾತು: "ಬೆಳಿಗ್ಗೆ ಆಕಿ ಹೋದಳವ್ವಾ. ಇನ್ನ ನಡುವ ಜಾಗ ಬಿಟ್ರೂ ನಡೀತದ."

ಹಳೆಯ ಫಿಲ್ಟರ್ ಇದ್ದಿದ್ದರೂ ಆ ಮೇಲ್ ದಾಟಿ ಹೋಗುತ್ತಿತ್ತು.