ಹನ್ನೆರಡು ತಿಂಗಳೊಳಗೆ ಇಡಬೇಕಿದ್ದ ದಾರಂದ

ಮಾನ್ಯ ಓದುಗರಲ್ಲಿ ವಿನಮ್ರ ನಿವೇದನೆ. ನನ್ನ ಅಕ್ಷರ ದುಂಡಗಿಲ್ಲ. ಅಲ್ಪಪ್ರಾಣ, ಮಹಾಪ್ರಾಣಗಳಲ್ಲಿ ಈಗಲೂ ತಪ್ಪುತ್ತೇನೆ. ಅದಕ್ಕಾಗಿ ಮೊದಲೇ ಕ್ಷಮೆ ಬೇಡುತ್ತೇನೆ. ಇದುವರೆಗೆ ನಾನು ಬರೆದಿರುವುದು ಅರ್ಜಿಗಳನ್ನು ಮಾತ್ರ. ಆದಕಾರಣ ಇದೂ ಅರ್ಜಿಯಂತೆ ಕಂಡರೆ ಅನ್ಯಥಾ ಭಾವಿಸಬಾರದಾಗಿ ಕೋರಿಕೆ.

ವಿಷಯ: ಶಿರ್ತಾಡಿಯಲ್ಲಿದ್ದ ನಮ್ಮ ಮನೆ.

ತೊಂಬತ್ತರ ದಶಕದ ಕೊನೆಯ ಒಂದು ಫೆಬ್ರವರಿಯಲ್ಲಿ, ಮಧ್ಯಾಹ್ನದ ಊಟದ ಹೊತ್ತಿಗೆ, ಅಟ್ಟದ ಹಳೆಯ ವಯರಿನಿಂದ ಕಿಡಿ ಹಾರಿ ಮನೆ ಸುಟ್ಟುಹೋಯಿತು. ಜೀವಹಾನಿ ಆಗಲಿಲ್ಲ. ತಂದೆ, ತಾಯಿ ಮತ್ತು ನಾನು ಅಂಗಳದಲ್ಲಿ ನಿಂತು ಹಂಚುಗಳು ಸಿಡಿಯುವ ಸದ್ದು ಕೇಳಿದೆವು. ಅನಂತರ ಪೇಟೆಯ ಅಂಗಡಿಯೊಂದರ ಹಿಂಬದಿಯ ಬಾಡಿಗೆ ಕೋಣೆಗೆ ಹೋದೆವು. ಅಲ್ಲಿ ತಾಯಿಯವರು ಸೀರೆಗಳನ್ನು ಮಡಚಿ ಚೀಲದಲ್ಲಿಯೇ ಇಟ್ಟುಕೊಂಡಿದ್ದರು. "ನಾಳೆ ನಾಡಿದ್ದು ಮನೆಗೆ ಹೋಗಲಿಕ್ಕುಂಟಲ್ಲ" ಎನ್ನುತ್ತಿದ್ದರು.

ಮನೆ ದುರಸ್ತಿಗೆ ಸಾಲ ಪಡೆದಾಗ ಬ್ಯಾಂಕಿನವರು ಮಾಡಿಸಿದ್ದ ವಿಮೆಯೊಂದಿತ್ತು. ಮೂಡಬಿದ್ರೆಯ ಶಾಲೆಯೊಂದರಲ್ಲಿ ಗುಮಾಸ್ತೆಯಾಗಿದ್ದ ನಾನೇ ಬಂಟ್ವಾಳದ ವಿಮಾ ಕಚೇರಿಗೆ ಪತ್ರ ಬರೆದೆ. ನಷ್ಟ ಅಳೆಯುವ ಸರ್ವೇಯರ್ ಬಂದರು. ಛಾವಣಿಯ ಸುಟ್ಟ ಪಕ್ಕಾಸುಗಳ ನಡುವೆ ಟೇಪು ಹಿಡಿದು ಓಡಾಡಿ, ಹಲಸಿನ ಮರದಡಿ ಕುಳಿತು ತಂದೆಯವರಿಗೆ ವಿವರಿಸಿದರು.

"ನಿಮ್ಮ ಪಾಲಿಸಿ ಒಳ್ಳೆಯದುಂಟು. ಹಳೆ ಮನೆಯ ಬೆಲೆ ಅಲ್ಲ, ಅಷ್ಟೇ ದೊಡ್ಡ, ಅಂಥದ್ದೇ ಮನೆ ಈಗ ಹೊಸತಾಗಿ ಕಟ್ಟುವ ಖರ್ಚು ಸಿಗ್ತದೆ. ಆದರೆ ಒಟ್ಟಿಗೆ ಅಲ್ಲ. ಮೊದಲು ಸವಕಳಿ ಕಳೆದು ಕೊಡ್ತಾರೆ."

"ಸವಕಳಿ ಅಂದರೆ ಎಂಥದು?"

"ಮನೆಗೆ ಮೂವತ್ತೈದು ವರ್ಷ ಆಯ್ತಲ್ಲ, ಮರ, ಹಂಚು ಹಳತಾದದ್ದಕ್ಕೆ ಕಡಿತ. ಕಡಿತ ಮಾಡಿದ ಪಾಲು ನೀವು ಮನೆ ಕಟ್ಟಿ ಬಿಲ್ಲು ತೋರಿಸಿದ ಮೇಲೆ."

"ನನಗೆ ಎಪ್ಪತ್ತಾಯ್ತು. ನನ್ನನ್ನೂ ಒಮ್ಮೆ ಅಳೆಯಿರಿ ಮಾರಾಯ್ರೆ, ಕಡಿತ ಹೋಗಿ ಎಷ್ಟು ಉಳೀತದೆ ನೋಡುವ," ಎಂದರು ತಂದೆ.

"ಬಾಯಿಗೆ ಮಾತ್ರ ಸವಕಳಿ ಇಲ್ಲ ಇವರಿಗೆ," ಎಂದರು ತಾಯಿ.

ಹೊರಡುವಾಗ ಸರ್ವೇಯರ್ ನನ್ನನ್ನು ಕರೆದು ಹೇಳಿದರು: "ಬೆಂಕಿ ಬಿದ್ದ ದಿನದಿಂದ ಹನ್ನೆರಡು ತಿಂಗಳೊಳಗೆ ಕಟ್ಟಿ ಮುಗಿಸಬೇಕು. ಇಲ್ಲದಿದ್ದರೆ ಮೊದಲು ಕೊಟ್ಟದ್ದೇ ಕೊನೆ. ಏನಾದರೂ ಅಡ್ಡಿ ಬಂದರೆ ಅವಧಿ ಮುಗಿಯುವ ಮೊದಲು ಬರೆದು ಕೇಳಿ, ಹೆಚ್ಚು ಸಮಯ ಕೊಡಲಿಕ್ಕಾಗ್ತದೆ."

ಬೆಂಕಿ ಬಿದ್ದ ನಲವತ್ತನೆಯ ದಿನ ತಂದೆಯವರು ಆ ಬಾಡಿಗೆ ಕೋಣೆಯಲ್ಲಿ ಹೃದಯಾಘಾತದಿಂದ ತೀರಿಕೊಂಡರು.

ಉತ್ತರಕ್ರಿಯೆಯ ದಿನ, ಬೆಳ್ತಂಗಡಿಯಿಂದ ಬಂದಿದ್ದ ಸೋದರಮಾವನವರ ಮುಂದೆ ಮನೆಯ ಮಾತು ಬಂತು. "ವರ್ಷಾಂತಿಕ ಕಳೆಯದೆ ದಾರಂದ ಇಡುವ ಕ್ರಮ ನಮ್ಮಲ್ಲಿಲ್ಲ," ಎಂದರು ಅವರು. ದಾರಂದವೆಂದರೆ ಮುಂಬಾಗಿಲಿನ ಚೌಕಟ್ಟು. ಮುಹೂರ್ತ ನೋಡಿ ಅದನ್ನು ನಿಲ್ಲಿಸದೆ ಗೋಡೆ ಏಳುವಂತಿಲ್ಲ. ವಿಮೆಯ ವರ್ಷ ನಮ್ಮ ವರ್ಷಕ್ಕಿಂತ ನಲವತ್ತು ದಿನ ಮೊದಲೇ ಮುಗಿಯುತ್ತದೆಂದು ನಾನು ತಿಳಿಸಿದೆ.

"ಅವರಿಗೇನು ಅಪ್ಪ ಸಾಯುವುದಿಲ್ಲವಾ?" ಎಂದರು ಮಾವ.

"ಅಣ್ಣ ಹೇಳಿದ್ದು ಸರಿ. ಕಾಯುವ," ಎಂದರು ತಾಯಿ.

ಕಾದೆವು. ಅಷ್ಟರಲ್ಲಿ ನಾನು ಮಾಡಬೇಕಿದ್ದದ್ದು ಒಂದೇ ಕೆಲಸ, ಕಾಲಾವಕಾಶ ಕೋರಿ ಒಂದು ಪತ್ರ. "ನನ್ನ ತಂದೆಯವರು ನಿಧನರಾದ ಪ್ರಯುಕ್ತ" ಎಂದು ಎಷ್ಟೋ ಬಾರಿ ಆರಂಭಿಸಿ ಹರಿದುಹಾಕಿದೆ. ರಜೆಗಾಗಿ ಅಜ್ಜಿಯನ್ನು ಎರಡೆರಡು ಬಾರಿ ಸಾಯಿಸುವ ಮಕ್ಕಳ ಅರ್ಜಿಗಳನ್ನು ಶಾಲೆಯಲ್ಲಿ ಕಡತಕ್ಕೆ ಸೇರಿಸುತ್ತಿದ್ದವಳು ನಾನು. ತಂದೆಯವರ ಸಾವನ್ನೂ ಅಂಥದ್ದೊಂದು ಸಾಲಿನಲ್ಲಿ ಬರೆದು ರಿಯಾಯಿತಿ ಕೇಳಲು ಕೈ ಬರಲಿಲ್ಲ. ಮೇಲಾಗಿ, ವರ್ಷಾಂತಿಕದ ಕ್ರಮ ಈ ಕಡೆಯವರಿಗೆಲ್ಲ ಗೊತ್ತಿರುವುದೇ, ಬರೆಯದಿದ್ದರೂ ಅರ್ಥವಾಗುತ್ತದೆಂದು ನಂಬಿದ್ದೆ.

ವರ್ಷಾಂತಿಕದ ನಂತರ ದಾರಂದ ಇಟ್ಟೆವು. ಮೊದಲು ಬಂದ ಹಣದಲ್ಲಿ ಅಡುಗೆಮನೆಗೂ ಒಂದು ಕೋಣೆಗೂ ಹಂಚಿನ ಮಾಡು ಆಯಿತು. ನೆಂಟರು ಕೂರುವ ಚಾವಡಿಯ ಗೋಡೆ ಸೊಂಟದೆತ್ತರಕ್ಕೆ ನಿಂತಿತು. ಬಿಲ್ಲುಗಳನ್ನು ಹಿಡಿದು ಬಂಟ್ವಾಳಕ್ಕೆ ಹೋದೆ. ಅಧಿಕಾರಿಗಳು ಕಡತವನ್ನು ಎರಡು ಬಾರಿ ತಿರುವಿದರು.

"ಒಂದು ಸಾಲು ಬರೆದು ಕೊಟ್ಟಿದ್ದರೆ ಸಾಕಿತ್ತು ಅಕ್ಕ. ಈಗ ನಾನು ಯಾವ ಆಧಾರದ ಮೇಲೆ ಬರೆಯಲಿ?" ಎಂದರು. ಅವರ ದನಿಯಲ್ಲಿ ಬೇಸರವಿತ್ತು, ಗದರಿಕೆ ಇರಲಿಲ್ಲ. ಕಡಿತದ ಪಾಲು ನಮಗೆ ಸಿಗಲಿಲ್ಲ.

ಮನೆಗೆ ಬಂದು ತಾಯಿಗೆ ಎಲ್ಲವನ್ನೂ ಹೇಳಿದೆ, ಬರೆಯದೆ ಇದ್ದುದನ್ನೂ.

"ಊರಿಗೆಲ್ಲ ಹೇಳಿ ಕಳಿಸಿದೆವು. ಆ ವಿಮೆಯವರಿಗೊಬ್ಬರಿಗೆ ಯಾಕೆ ಹೇಳಲಿಲ್ಲ ಮಗಾ?"

ತಾಯಿಯವರು ಮತ್ತೆ ಆ ಮಾತೆತ್ತಲಿಲ್ಲ. ಆ ಎರಡು ಕೋಣೆಗಳಲ್ಲಿ ಇನ್ನೂ ಆರು ವರ್ಷ ಬದುಕಿದರು. ನೆಂಟರು ಬಂದರೆ ಅಡುಗೆಮನೆಯಲ್ಲಿಯೇ ಚಾಪೆ ಹಾಸಿ, "ಚಾವಡಿ ಬರುವ ವರ್ಷ ಮಾಡುವುದು" ಎನ್ನುತ್ತಿದ್ದರು. ಹಾಗೆನ್ನುವಾಗ ನನ್ನ ಕಡೆ ನೋಡುತ್ತಿರಲಿಲ್ಲ.

ಇಷ್ಟನ್ನು ತಮ್ಮ ಗಮನಕ್ಕೆ ತಂದಿದ್ದೇನೆ. ಕಾಗುಣಿತದಲ್ಲಾಗಲಿ ವಾಕ್ಯದಲ್ಲಾಗಲಿ ದೋಷಗಳು ಕಂಡುಬಂದಲ್ಲಿ ದಯವಿಟ್ಟು ತಿದ್ದಿ, ನನಗೂ ತಿಳಿಸಬೇಕಾಗಿ ಪ್ರಾರ್ಥನೆ.