ರಾಣಿಯನ್ನು ಹೊರಗೆ ಕಳಿಸಿದ ಚಿಕ್ಕಪ್ಪ

ನಮ್ಮ ಚಿಕ್ಕಪ್ಪ ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜು ಉಜ್ಜುವವನು. ಗಿರಾಕಿಗಳಿಗೆ ಅವನ ಮುಖವೇ ಗೊತ್ತಿರಲಿಲ್ಲ. ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ಗಾಜನ್ನು ಪಕ್ಕಕ್ಕಿಟ್ಟು ಹೊಸದನ್ನು ಕೈಗೆತ್ತಿಕೊಳ್ಳುತ್ತಿದ್ದ. ಅಂಥ ಗಟ್ಟಿ ಮನುಷ್ಯ ಭಾನುವಾರ ಬಂತೆಂದರೆ ಮೆತ್ತಗಾಗುತ್ತಿದ್ದ. ಅಂದು ಗ್ರಂಥಾಲಯದ ಮೇಲಿನ ಹಾಲ್‌ನಲ್ಲಿ ಚೆಸ್ ಕ್ಲಬ್ಬು. ಅಲ್ಲಿ ಡ್ರಾಯಿಂಗ್ ಮೇಡಂ ಇರುತ್ತಿದ್ದರು.

ಮೇಡಂ ಶಾಲೆಯಿಂದ ನಿವೃತ್ತರಾದವರು, ಸಣ್ಣ ದನಿಯವರು. ಹನ್ನೊಂದು ವರ್ಷದಲ್ಲಿ ಚಿಕ್ಕಪ್ಪ ಅವರ ಮುಂದೆ ಒಂದು ಆಟವನ್ನೂ ಉಳಿಸಿಕೊಂಡಿರಲಿಲ್ಲ. ಕಪ್ಪು ಕಾಯಿ ಸಿಕ್ಕಾಗ ಅವನು ಆಟ ಶುರು ಮಾಡುತ್ತಿದ್ದದ್ದು ಸಿಸಿಲಿಯನ್ ಎಂಬ ವರಸೆಯಿಂದ. ಅದರ ದೊಡ್ಡ ದಾರಿಗಳೆಲ್ಲ ಅವನಿಗೆ ಬಾಯಿಪಾಠ. ಮೇಡಂ ಮಾತ್ರ ಆ ದಾರಿಗೆ ಬರುತ್ತಲೇ ಇರಲಿಲ್ಲ. ಎರಡನೇ ನಡೆಗೇ ತಮ್ಮ ಒಂದು ಪದಾತಿಯನ್ನು ಒಂದೇ ಒಂದು ಮನೆ ಮುಂದೆ ತಳ್ಳಿ ಸುಮ್ಮನೆ ಕೂತುಬಿಡುತ್ತಿದ್ದರು. ಚಿಕ್ಕಪ್ಪ ಕುದುರೆ ತರುತ್ತಿದ್ದ. ಅವರ ಇನ್ನೊಂದು ಪದಾತಿ ಅದನ್ನು ಅಟ್ಟಿಸಿಕೊಂಡು ಹೋಗುತ್ತಿತ್ತು. ಅಲ್ಲಿಂದಾಚೆ ಕಥೆ ಮುಗಿದ ಹಾಗೆಯೇ.

ವಾರ್ಷಿಕ ಪಂದ್ಯಕ್ಕೆ ಹತ್ತು ದಿನ ಇದ್ದಾಗ ಚಿಕ್ಕಪ್ಪ ಅಡುಗೆಮನೆಯ ಮೇಜಿನ ಮೇಲೆ ಬೋರ್ಡು, ಚೆಸ್ ಪುಸ್ತಕ ಹರಡಿಕೊಂಡು ಕೂತಿದ್ದ. ನಾನು ಬಟಾಣಿ ಬಿಡಿಸುತ್ತಿದ್ದೆ. ಚೆಸ್ಸಿನ ಗಂಧಗಾಳಿ ಇಲ್ಲದ ಚಿಕ್ಕಮ್ಮ ಸೌಟು ಹಿಡಿದುಕೊಂಡೇ ಬಗ್ಗಿ ನೋಡಿದಳು.

"ಅಲ್ಲಾರೀ, ಪ್ರತಿ ಸಲ ಆ ಕುದುರೆನೇ ಯಾಕೆ ತರ್ತೀರಿ? ಅಟ್ಟಿಸ್ಕೊಳ್ಳೋಕಾ?"

"ಇನ್ನೊಂದು ದಾರಿ ಇದೆ ಕಣೇ. ರಾಣಿ ಮುಂದಿರೋ ಪದಾತಿನ ನುಗ್ಗಿಸ್ಬೇಕು. ಅವರು ಅದನ್ನ ಹೊಡೀತಾರೆ, ನಾನು ರಾಣಿಯಿಂದ ತಿರುಗಿ ಹೊಡೀಬೇಕು. ಆದ್ರೆ ರಾಣಿನ ಅಷ್ಟು ಬೇಗ ಹೊರಗೆ ಕಳಿಸ್ಬಾರ್ದು ಅಂತ ನಂಗೆ ಚೆಸ್ ಕಲಿಸಿದ ಮೇಷ್ಟ್ರು ಹೇಳಿದ್ರು. ಅವರ ಕುದುರೆ ಬಂದು ಓಡಿಸುತ್ತೆ."

"ಆ ಕುದುರೆ ಬಂದು ಎಲ್ಲಿ ಕೂರುತ್ತೆ?"

ಚಿಕ್ಕಪ್ಪ ಬೆರಳಿಟ್ಟು ತೋರಿಸಿದ.

"ಅಲ್ಲಿ ಆಗ್ಲೇ ಯಾರೋ ಕೂತಿದಾರಲ್ರೀ!"

ನಿಜ. ಮೇಡಂ ಒಂದು ಮನೆ ತಳ್ಳಿದ್ದ ಪದಾತಿಯೇ ಅವರ ಕುದುರೆಯ ಜಾಗ ಹಿಡಿದು ಕೂತಿತ್ತು. ಪುಸ್ತಕದಲ್ಲೂ ಅದೇ ಬರೆದಿತ್ತು. ಹೆದರಿಕೆಗೆ ಚಿಕ್ಕಪ್ಪ ಆ ಪುಟಗಳನ್ನು ಓದದೆ ಮಗುಚಿದ್ದ, ಅಷ್ಟೆ. ಅವನ ಕಿವಿ ಕೆಂಪಾಯಿತು. "ಹೌದಲ್ವೇ" ಎಂದವನು ಊಟದ ತಟ್ಟೆ ಬಂದರೂ ಬೋರ್ಡು ತೆಗೆಯಲಿಲ್ಲ. ಉಳಿದ ಹತ್ತು ದಿನವೂ ಆ ಪುಟಗಳನ್ನೇ ಅರೆದು ಕುಡಿದ.

ಪಂದ್ಯದ ದಿನ ಮೂರನೇ ಸುತ್ತಿನಲ್ಲಿ ಮೇಡಂ ಎದುರಾದರು. ಚಿಕ್ಕಪ್ಪನಿಗೆ ಕಪ್ಪು ಕಾಯಿ. ಮೇಡಂ ಎಂದಿನಂತೆ ಆ ಪದಾತಿಯನ್ನು ತಳ್ಳಿದರು. ಇವನು ರಾಣಿಯ ಪದಾತಿಯನ್ನು ನುಗ್ಗಿಸಿದಾಗ ಅವರು ಕನ್ನಡಕ ತೆಗೆದು ಒರೆಸಿದರು. ರಾಣಿ ಬೋರ್ಡಿನ ನಡುವೆ ಬಂದು ನಿಂತದ್ದು ಗೋಡೆ ಪಕ್ಕ ನಿಂತಿದ್ದ ನನಗೂ ಕಾಣಿಸಿತು. ಮೇಡಂ ಇಪ್ಪತ್ತು ನಿಮಿಷ ಯೋಚಿಸಿದರು. ರಾಣಿಯನ್ನು ಯಾರೂ ಓಡಿಸಲಿಲ್ಲ.

ಮೂರೂವರೆ ಗಂಟೆಯಾದ ಮೇಲೆ ಬೋರ್ಡಿನಲ್ಲಿ ಉಳಿದದ್ದು ಇಬ್ಬರು ರಾಜರು ಮತ್ತು ದಾರಿ ಕಟ್ಟಿಹೋದ ನಾಲ್ಕು ಪದಾತಿಗಳು. ಆಟ ಡ್ರಾ. ಮೇಡಂ ಕೈ ಕುಲುಕಿ, "ಯಾರು ಹೇಳಿಕೊಟ್ರು ನಿಮಗೆ?" ಎಂದರು.

ತಾನೇ ಕಂಡುಕೊಂಡೆ ಎಂದು ಕೊಚ್ಚಿಕೊಳ್ಳಬಹುದಿತ್ತು. ಚಿಕ್ಕಪ್ಪ ನನ್ನ ಕಡೆ ಒಮ್ಮೆ ನೋಡಿ, "ನಮ್ಮ ಮನೆಯವಳು" ಎಂದ.

ಮುಂದಿನ ಶನಿವಾರ ಸಂಜೆ ಮೇಡಂ ನಮ್ಮ ವಿಳಾಸ ಹುಡುಕಿಕೊಂಡು ಮನೆಗೇ ಬಂದರು. ಚಿಕ್ಕಪ್ಪ ಗಡಿಬಿಡಿಯಿಂದ ಬೋರ್ಡು ತಂದ. ಅವರು ನಕ್ಕು, "ನಿಮ್ಮ ಜೊತೆ ಭಾನುವಾರ ಇದ್ದೇ ಇದೆಯಲ್ಲ" ಎಂದು ಚಿಕ್ಕಮ್ಮನ ಎದುರು ಕುರ್ಚಿ ಎಳೆದುಕೊಂಡರು.

"ಅಯ್ಯೋ, ನಂಗೆ ಆನೆ ಹೇಗೆ ನಡೆಯುತ್ತೆ ಅಂತಾನೂ ಗೊತ್ತಿಲ್ಲ ಮೇಡಂ."

"ನೆಟ್ಟಗೆ ನಡೆಯುತ್ತೆ, ಕೂತ್ಕೊಳ್ಳಿ."

ಚಿಕ್ಕಪ್ಪ ತಾನೇ ಹೋಗಿ ಚಹಾಕ್ಕೆ ನೀರಿಟ್ಟ.