ಕೆಂಪು ಅಂಚಿನ ಟೋಪಿ

ಹೆಣೆದು ಬಿಚ್ಚಿದ ಉಣ್ಣೆ ನೆಟ್ಟಗಾಗುವುದಿಲ್ಲ. ಎಳೆದು ಹಿಡಿದಷ್ಟು ಹೊತ್ತು ನೇರವಾಗಿದ್ದು, ಕೈ ಬಿಟ್ಟರೆ ಮತ್ತೆ ಸಣ್ಣ ಅಲೆಗಳಾಗಿ ಸುರುಟಿಕೊಳ್ಳುತ್ತದೆ. ನಿನ್ನೆ ನಾನು ಪಾಠ ಮಾಡುವ ತರಗತಿಯ ಹುಡುಗಿಯೊಬ್ಬಳು ಹೆಣಿಗೆ ತಪ್ಪಿ, ಬಿಚ್ಚಿದ ಎಳೆಯನ್ನು ಮೇಜಿನ ಮೇಲೆ ಇಟ್ಟುಹೋದಳು. ಅದನ್ನು ನೋಡುತ್ತಿದ್ದಂತೆ, ಚನ್ನಪಟ್ಟಣದಲ್ಲಿ ನಮ್ಮ ಎದುರು ಮನೆಯಲ್ಲಿದ್ದ ಅಕ್ಕ ನೆನಪಾದಳು...

ಆಗ ನಾನು ಶಾಲೆಯಲ್ಲಿ ಹೆಣಿಗೆ ಕಲಿಯುತ್ತಿದ್ದೆ. ಅಕ್ಕನ ಮಕ್ಕಳು ಒಂದೂ ಉಳಿದಿರಲಿಲ್ಲ. ಈ ಸಲವೂ ಉಳಿಯದಿದ್ದರೆ ಮಗನಿಗೆ ಬೇರೆ ಹೆಣ್ಣು ತರುವುದಾಗಿ ಅವಳ ಅತ್ತೆ ಜಗಲಿಯ ಮೇಲೆ ಕೂತು ಬೀದಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು. ಧನುರ್ಮಾಸದ ಚಳಿಯಲ್ಲಿ, ದಿನ ತುಂಬುವ ಮೊದಲೇ ಗಂಡುಕೂಸು ಹುಟ್ಟಿತು. ಮುಟ್ಟಿದರೆ ತಲೆ ತಣ್ಣಗಿತ್ತು.

ಮಕ್ಕಳು ಉಳಿಯದ ಮನೆಯ ಕೂಸಿಗೆ ಹೊಸದನ್ನು ತೊಡಿಸುತ್ತಿರಲಿಲ್ಲ. ಮಕ್ಕಳು ಚೆನ್ನಾಗಿರುವ ಮನೆಗಳಿಂದ ಬೇಡಿ ತಂದದ್ದನ್ನೇ ತೊಡಿಸಿದರೆ, ಆ ಮಕ್ಕಳ ಆಯುಷ್ಯ ಇದಕ್ಕೂ ಬರುತ್ತದೆಂಬ ನಂಬಿಕೆ. ಅಕ್ಕ ನನ್ನನ್ನು ಕಿಟಕಿಯಿಂದ ಕರೆದಳು.

“ಪುಟ್ಟಿ, ಮಕ್ಳಿರೋ ಮನೇಲಿ ಒಸಿ ಒಸಿ ಉಣ್ಣೆ ಉಳ್ದಿರ್ತದೆ. ಈಸ್ಕೊಂಡ್ ಬಂದು ಒಂದು ಟೋಪಿ ಹೆಣ್ಕೊಡವ್ವ.”

“ಕೂಸು ಉಳೀತದೋ ಇಲ್ವೋ, ಟೋಪಿ ಬೇರೆ ಕೇಡು ಇದ್ಕೆ,” ಎಂದಳು ಅತ್ತೆ.

ಮನೆಮನೆ ತಿರುಗಿ ತುಂಡು ಎಳೆಗಳನ್ನು ತಂದೆ. ಅಂಚೆ ಗುಮಾಸ್ತರ ಮನೆಯ ಕೆಂಪು ಗಟ್ಟಿಯಾಗಿತ್ತು. ಅದರಿಂದಲೇ ಅಂಚು ಶುರುಮಾಡಿದೆ. ಅದರ ಮೇಲೆ ಬೂದು, ಹಳದಿ, ನೀಲಿ. ಟೋಪಿ ಹಾಕಿದ ಮೇಲೆ ಕೂಸು ಹಾಲು ಚೀಪಿತು. ಅಕ್ಕ ನಕ್ಕದ್ದನ್ನು ನಾನು ಕಂಡದ್ದು ಆಗ ಮಾತ್ರ.

ಅದೇ ವಾರ ಅಂಚೆ ಗುಮಾಸ್ತರ ಕಿರಿಯ ಮಗು ಜ್ವರದಲ್ಲಿ ತೀರಿಹೋಯಿತು.

“ಆ ಕೆಂಪು ತೆಗ್ದುಬುಡು,” ಎಂದಳು ಅಕ್ಕ.

ಹೆಣಿಗೆ ಬಿಚ್ಚಿಕೊಳ್ಳುವುದು ಮುಗಿಸಿದ ತುದಿಯಿಂದ. ಮೊದಲ ಎಳೆ ಹೋಗಬೇಕಾದರೆ ಟೋಪಿಯೆಲ್ಲ ಹೋಗಬೇಕು. “ಚಳಿ ಅಕ್ಕ, ಇನ್ನೊಂದು ಮುಗಿಯೋ ತನಕ ಇದೇ ಇರಲಿ,” ಎಂದೆ.

“ಸತ್ತ ಮನೇದು ಕಣೇ ಅದು!” ಅವಳೇ ಟೋಪಿ ಕಿತ್ತು, ನೆತ್ತಿಯ ಗಂಟು ಹರಿದು ಎಳೆಯತೊಡಗಿದಳು. ನೀಲಿ, ಹಳದಿ, ಬೂದು... ಕೂಸಿನ ತಲೆಗೆ ತನ್ನ ಸೆರಗು ಸುತ್ತಿದಳು. ನಾನು ಹೊಸ್ತಿಲಲ್ಲಿ ಕೂತು ಬೂದಿನಿಂದ ಮತ್ತೆ ಹೆಣೆದೆ. ದೀಪ ಹಚ್ಚುವ ಹೊತ್ತಿಗೆ ನೆತ್ತಿ ಮುಚ್ಚುವುದೊಂದು ಬಾಕಿಯಿತ್ತು. ಕೂಸು ಬಾಯಿ ತೆರೆಯುತ್ತಿರಲಿಲ್ಲ.

“ಬಿರ್ರನೆ ಪುಟ್ಟಿ, ಇನ್ನೊಸೀನೆ,” ಎನ್ನುತ್ತಿದ್ದಳು. ಅತ್ತೆ ಬಂದು ಉಸಿರು ನಿಂತ ಕೂಸನ್ನು ಅವಳ ಮಡಿಲಿನಿಂದ ಎತ್ತಿಕೊಂಡ ಮೇಲೂ ಹಾಗೇ ಎನ್ನುತ್ತಿದ್ದಳು.

ಯುಗಾದಿಗೆ ಮೊದಲೇ ಅವಳನ್ನು ಮಾಗಡಿ ಕಡೆಯ ತವರಿಗೆ ಗಾಡಿಯಲ್ಲಿ ಕಳುಹಿಸಿಬಿಟ್ಟರು. ಬೇಸಿಗೆಯಲ್ಲಿ ಆ ಮನೆಯ ಮುಂದೆ ಮದುವೆ ಚಪ್ಪರ ಎದ್ದಿತು. ಆಮೇಲೆ ನಾನು ಓದಿದೆ, ಪದವಿ ಪಡೆದೆ. ಕೆಂಪು ಉಣ್ಣೆಗೂ ಜ್ವರಕ್ಕೂ ಸಂಬಂಧವಿಲ್ಲವೆಂದು ಈಗ ಯಾರಿಗಾದರೂ ವಿವರಿಸಬಲ್ಲೆ. ಕೇಳಬೇಕಾದವಳು ಮಾತ್ರ...

ಇಂದು ಬೆಳಿಗ್ಗೆ ಮಾಗಡಿ ಕಡೆಯ ಹುಡುಗಿಯೊಬ್ಬಳನ್ನು ಕರೆದು, ಅಕ್ಕನ ತವರೂರು ಯಾವುದೆಂದು ಹೇಳಿ, ಗಂಡನ ಮನೆಯಿಂದ ಅಲ್ಲಿಗೆ ಹಿಂತಿರುಗಿದ ಹೆಂಗಸೊಬ್ಬಳು ಈಗಲೂ ಇದ್ದಾಳೆಯೇ ಎಂದು ಕೇಳಿದೆ.

“ನಮ್ಮ ಪಕ್ಕದೂರೇ ಕಣಮ್ಮಾ. ಯಾರವ್ರು, ಹೆಸ್ರೇನು?”

ನಾನು ಅಕ್ಕ ಎನ್ನುತ್ತಿದ್ದೆ. ಅತ್ತೆ ‘ಏ ಇವಳೇ’ ಎನ್ನುತ್ತಿದ್ದಳು. ಹೆಸರು ನನಗೆ ಗೊತ್ತಿರಲಿಲ್ಲ.

“ಏನಿಲ್ಲ, ಹೋಗು,” ಎಂದು ಹುಡುಗಿಯನ್ನು ತರಗತಿಗೆ ಕಳುಹಿಸಿದೆ.